ತೇಯ್ದಷ್ಟೂ ಸವೆಯುವ ಹೊಳಪು: ಫೈಬರ್ ದೋಣಿಯ ಆರೈಕೆ

ಮಲ್ಪೆಯ ಬಂದರಿನಲ್ಲೋ ಗಂಗೊಳ್ಳಿಯ ಅಳಿವೆಯಲ್ಲೋ ಸಾಲಾಗಿ ಕಟ್ಟಿ ನಿಲ್ಲಿಸಿದ ಫೈಬರ್ ದೋಣಿಗಳನ್ನು ನೋಡಿದರೆ ಅವುಗಳ ವಯಸ್ಸನ್ನು ಹೆಚ್ಚುಕಡಿಮೆ ಊಹಿಸಬಹುದು ಅನ್ನಿಸುತ್ತದೆ. ಹೊಸದರ ಮೈಮೇಲೆ ನೀರಿನ ಬೆಳಕು ಆಡುತ್ತಿರುತ್ತದೆ. ನಾಲ್ಕೈದು ಮಳೆಗಾಲ ಕಂಡದ್ದು ಮಂಕಾಗಿರುತ್ತದೆ. ಇನ್ನೂ ಹಳೆಯದನ್ನು ಸವರಿದರೆ ಅಂಗೈಗೆ ಬಿಳಿ ಪುಡಿ ಮೆತ್ತುತ್ತದೆ. ಆದರೆ ವಿಚಾರಿಸಿ ನೋಡಿದರೆ ಈ ಊಹೆ ಎಷ್ಟೋ ಸಲ ಸುಳ್ಳಾಗುತ್ತದೆ. ಹತ್ತು ವರ್ಷದ ದೋಣಿ ಹೊಳೆಯುತ್ತಿರುತ್ತದೆ, ಮೂರು ವರ್ಷದ್ದು ಪುಡಿ ಬಿಡುತ್ತಿರುತ್ತದೆ. ಹೊಳೆಯುವ ದೋಣಿಯ ಯಜಮಾನರು ಹೆಚ್ಚು ಖರ್ಚು ಮಾಡಿದವರೇ ಆಗಿರಬೇಕೆಂದಿಲ್ಲ. ಸಿಹಿನೀರು, ನೆರಳು, ಜೊತೆಗೆ ಯಾವಾಗ ಉಜ್ಜಬಾರದು ಎಂಬ ತಿಳಿವಳಿಕೆ, ಈ ಮೂರರಲ್ಲೇ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಿರುತ್ತದೆ.

ಫೈಬರ್ ದೋಣಿ ಎಂದು ನಾವು ಕರೆಯುವುದು ಗಾಜಿನ ನಾರಿನ ಮ್ಯಾಟ್‌ಗಳನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ ಅದ್ದಿ ಪದರ ಪದರವಾಗಿ ಅಚ್ಚಿನಲ್ಲಿ ಕೂರಿಸಿದ ದೋಣಿಯನ್ನು. ಬಲ ಇರುವುದೆಲ್ಲ ಆ ಪದರಗಳಲ್ಲಿ. ಕಣ್ಣಿಗೆ ಕಾಣುವ ಬಣ್ಣ ಮತ್ತು ಹೊಳಪು ಮಾತ್ರ ಎಲ್ಲಕ್ಕಿಂತ ಹೊರಗಿರುವ ಜೆಲ್‌ಕೋಟ್‌ನದು. ಅಚ್ಚಿನೊಳಗೆ ಮೊದಲು ಬಳಿಯುವುದೇ ಈ ಬಣ್ಣ ಬೆರೆಸಿದ ರೆಸಿನ್ ಪದರ. ಅಚ್ಚು ಎಷ್ಟು ನುಣುಪಾಗಿತ್ತೋ ದೋಣಿಯೂ ಅಷ್ಟೇ ನುಣುಪಾಗಿ ಹೊರಬರುತ್ತದೆ. ಇದರ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರಕ್ಕೆ ಹೋಲಿಸಿದರೆ ಸುಮಾರು ಹತ್ತು ಪಟ್ಟು ದಪ್ಪ ಎಂಬುದು ನಿಜ. ಆದರೆ ಇದು ದೋಣಿಗೆ ಒಮ್ಮೆ ಮಾತ್ರ ಸಿಗುವ ಪದರ. ಪಾಲಿಶ್ ಅಂಗಡಿಯವರು ಹೇಳದೆ ಬಿಡುವ ಮಾತೂ ಇದೇ: ಕಾಂಪೌಂಡ್ ಎಂಬ ಉಜ್ಜುವ ಪೇಸ್ಟ್ ಹಾಕಿ ಉಜ್ಜಿದಾಗಲೆಲ್ಲ ಹೊಳಪು ಹುಟ್ಟುವುದು ಮೇಲಿನ ಸತ್ತ ಪದರವನ್ನು ಕೆರೆದು ತೆಗೆಯುವುದರಿಂದ. ದೇವರ ಮನೆಯ ಗಂಧದ ಕೊರಡಿನ ಹಾಗೆ, ತೇಯ್ದಷ್ಟೂ ಸವೆಯುತ್ತದೆ.

ಮಂಕಾಗುವುದಕ್ಕೆ ಮುಖ್ಯ ಕಾರಣ ಬಿಸಿಲು. ಅತಿನೇರಳೆ ಕಿರಣಗಳು ರೆಸಿನ್‌ನ ಮೇಲ್ಪದರವನ್ನು ಒಡೆಯುತ್ತವೆ. ರೆಸಿನ್ ಹೋದ ಜಾಗದಲ್ಲಿ ಬಣ್ಣದ ಕಣಗಳು ಸಡಿಲವಾಗಿ ಉಳಿಯುತ್ತವೆ. ಕೈಗೆ ಹತ್ತುವ ಪುಡಿ ಅದೇ. ನಮ್ಮ ಕರಾವಳಿಯಲ್ಲಿ ಬಿಸಿಲಿಗೇನು ಬರ! ಏಪ್ರಿಲ್ ಕೊನೆಯ ವಾರದಲ್ಲಿ ಮಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ಬಹುತೇಕ ನೆತ್ತಿಯ ಮೇಲೇ ಇರುತ್ತಾನೆ, ಆಗಸ್ಟ್ ನಡುವಿನ ಹೊತ್ತಿಗೆ ಇನ್ನೊಮ್ಮೆ. ಜೊತೆಗೆ ನೀರಿನಿಂದ ಪ್ರತಿಫಲಿಸುವ ಬೆಳಕು ಬೇರೆ. ಗಾಢ ನೀಲಿ, ಕೆಂಪು, ಹಸಿರು ಬಣ್ಣಗಳು ಬಿಸಿಲನ್ನು ಹೀರಿ ಹೆಚ್ಚು ಕಾಯುತ್ತವೆ, ಮಾಸಿದ್ದೂ ಬೇಗ ಎದ್ದು ಕಾಣುತ್ತದೆ. ಬಿಳಿಯೂ ಮಾಸುತ್ತದೆ, ಆದರೆ ಕಣ್ಣಿಗೆ ಕುಕ್ಕುವುದಿಲ್ಲ.

ಮೊದಲು ಮೈ ನೋಡಿ

ಅಂಗಡಿಗೆ ಹೋಗುವ ಮೊದಲು ದೋಣಿಯ ಸ್ಥಿತಿ ಏನೆಂದು ತಿಳಿದುಕೊಳ್ಳಿ. ಇದಕ್ಕೆ ಯಾವ ಉಪಕರಣವೂ ಬೇಡ. ಸೋಪುನೀರಿನಲ್ಲಿ ತೊಳೆದು ಒಣಗಿಸಿದ ಮೈಮೇಲೆ ಒಂದು ಲೋಟ ನೀರು ಎರಚಿ. ನೀರು ಗುಂಡಗೆ ಹನಿಹನಿಯಾಗಿ ನಿಂತು ಜಾರಿದರೆ ಮೇಣದ ರಕ್ಷಣೆ ಇನ್ನೂ ಇದೆ. ಹಾಳೆಯಾಗಿ ಹರಡಿ ಮೈಗೆ ಅಂಟಿದರೆ ಮೇಣ ಹೋಗಿದೆ. ಬಳಿಕ ಕಪ್ಪು ಬಟ್ಟೆಯಿಂದ ಒಣ ಮೈಯನ್ನು ಒತ್ತಿ ಒರೆಸಿ. ಪುಡಿ ಹತ್ತದಿದ್ದರೆ ಬರೀ ಮೇಣ ಸಾಕು, ಸ್ವಲ್ಪ ಹತ್ತಿದರೆ ನಯವಾದ ಪಾಲಿಶ್, ಧಾರಾಳ ಹತ್ತಿದರೆ ಕಾಂಪೌಂಡ್. ಮಂಕಾದ ಜಾಗ ಒದ್ದೆಯಾದಾಗ ಹಳೆಯ ಬಣ್ಣ ಮರಳಿ ಬಂತೆಂದರೆ ಸಂತೋಷಪಡಿ. ಒಳಗೆ ಜೀವಂತ ಜೆಲ್‌ಕೋಟ್ ಇನ್ನೂ ಉಳಿದಿದೆ. ಒದ್ದೆ ಮಾಡಿದಾಗ ಒಳಗಿನ ನಾರಿನ ನೇಯ್ಗೆ ಕಂಡರೆ ಉಜ್ಜುವ ಕಾಲ ಮುಗಿದಿದೆ, ಇನ್ನು ಬಣ್ಣ ಬಳಿಯುವುದೊಂದೇ ದಾರಿ.

ಹಳೆಯ ದೋಣಿ ಕೊಳ್ಳುವವರಿಗೂ ಇದೇ ಪರೀಕ್ಷೆ. ಪುಡಿ ಬಿಡುವ ಮೈಗೆ ತೆಂಗಿನೆಣ್ಣೆಯನ್ನೋ ಡೀಸೆಲ್ಲನ್ನೋ ಸವರಿದರೆ ಎರಡು ದಿನ ಹೊಸದರಂತೆ ಹೊಳೆಯುತ್ತದೆ. ಆದ್ದರಿಂದ ಒಂದು ಬಕೆಟ್ ಸೋಪುನೀರು ಹಾಕಿ ತೊಳೆಸಿ, ಒಣಗಿದ ಮೇಲೆ ನೋಡಿ, ಆಮೇಲೆ ಬೆಲೆ ಮಾತಾಡಿ. ಮರದ ದೋಣಿಯ ಕಾಲದಲ್ಲಿ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದುದಕ್ಕೆ ಅರ್ಥವಿತ್ತು. ಮರ ಅದನ್ನು ಕುಡಿಯುತ್ತಿತ್ತು, ಮರ ಕೊರೆಯುವ ಹುಳುಗಳಿಗೂ ಅದು ಅಡ್ಡಿಯಾಗುತ್ತಿತ್ತು. ಫೈಬರ್ ಎಣ್ಣೆ ಕುಡಿಯುವುದಿಲ್ಲ. ಮೇಲೆ ಉಳಿದ ಜಿಡ್ಡಿಗೆ ಧೂಳು, ಹೊಯಿಗೆ ಮೆತ್ತುವುದಷ್ಟೇ ಲಾಭ.

ತೊಳೆಯುವುದೇ ದೊಡ್ಡ ಕೆಲಸ

ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯುವ ಅಭ್ಯಾಸವೊಂದಿದ್ದರೆ ಪಾಲಿಶ್ ಖರ್ಚು ಎಷ್ಟೋ ಉಳಿಯುತ್ತದೆ. ಉಪ್ಪುನೀರು ಒಣಗಿದರೆ ಹರಳು ಉಳಿಯುತ್ತದೆ. ಅದರ ಮೇಲೆ ಹಗ್ಗ, ಬಲೆ, ಕಾಲು ತಿಕ್ಕಿದಾಗ ಗೀರು ಬೀಳುತ್ತದೆ. ಮೈ ಒರಟಾದಲ್ಲಿ ಮತ್ತಷ್ಟು ಉಪ್ಪು ಕೂರುತ್ತದೆ. ಮೀನಿನ ರಕ್ತ, ಲೋಳೆ, ಹುರುಪೆಗಳನ್ನು ಒಣಗುವ ಮೊದಲೇ ತೊಳೆಯಬೇಕು. ಒಣಗಿದ ಮೇಲೆ ಅದು ಕೆರೆಯುವ ಕೆಲಸವಾಗುತ್ತದೆ, ಕೆರೆತ ಎಂದರೆ ಗೀರು. ಪಾತ್ರೆ ತೊಳೆಯುವ ಸೌಮ್ಯ ದ್ರವಸೋಪು, ಮೆತ್ತನೆಯ ಬ್ರಷ್, ಎರಡು ಬಕೆಟ್ ನೀರು ಸಾಕು. ಒಂದು ಬಕೆಟ್ ಸೋಪಿಗೆ, ಇನ್ನೊಂದು ಬಟ್ಟೆ ಜಾಲಿಸಿ ಹೊಯಿಗೆ ತೆಗೆಯುವುದಕ್ಕೆ. ತೊಳೆಯುವುದು ಮೇಲಿನಿಂದ ಕೆಳಗೆ.

ಸ್ಟೀಲ್ ಸ್ಕ್ರಬ್ಬರ್ ಬೇಡವೇ ಬೇಡ. ಗೀರುವುದು ಒಂದು ಕೇಡು. ಅದರ ಸಣ್ಣ ಚೂರುಗಳು ಮೈಯಲ್ಲಿ ಸಿಕ್ಕಿ ಮರುವಾರ ತುಕ್ಕಿನ ಚುಕ್ಕಿಗಳಾಗುವುದು ಇನ್ನೊಂದು. ಬ್ಲೀಚಿಂಗ್ ಪುಡಿ, ಬಚ್ಚಲುಮನೆಯ ಆಸಿಡ್ ಕೂಡ ದೂರವಿರಲಿ. ಆ ಆಸಿಡ್ ಬೋಲ್ಟು, ಕೊಂಡಿ, ಎಂಜಿನ್ನಿನ ಲೋಹವನ್ನು ತಿನ್ನುತ್ತದೆ, ಇದ್ದ ಮೇಣವನ್ನೂ ಒಯ್ಯುತ್ತದೆ.

ಅಳಿವೆಯಲ್ಲಿ ನಿಲ್ಲಿಸುವ ದೋಣಿಗಳ ಮೂತಿಯಲ್ಲಿ, ನೀರಿನ ಗೆರೆಯ ಉದ್ದಕ್ಕೂ ಹಳದಿ-ಕಂದು ಕಲೆಯೊಂದು ಮೂಡುತ್ತದೆ. ಕಾಡಿನ ಎಲೆ ಕೊಳೆತು ಹೊಳೆಗಿಳಿದ ಒಗರು, ಜೊತೆಗೆ ನೀರಿನ ಕಬ್ಬಿಣದಂಶ ಇದಕ್ಕೆ ಕಾರಣ. ಎಷ್ಟೇ ಸೋಪು ಹಾಕಿದರೂ ಇದು ಹೋಗದು, ಕಾಂಪೌಂಡ್ ಹಾಕಿ ಜೆಲ್‌ಕೋಟ್ ಸವೆಸುವುದೂ ದಂಡ. ಆಕ್ಸಾಲಿಕ್ ಆಮ್ಲದ ತೆಳು ದ್ರಾವಣವನ್ನು ಬಟ್ಟೆಯಲ್ಲಿ ಹಚ್ಚಿ ಕೆಲವು ನಿಮಿಷ ಬಿಟ್ಟರೆ ಕಲೆ ಕಣ್ಣೆದುರೇ ಕರಗುತ್ತದೆ. ಬೋಲ್ಟಿನಿಂದ ಇಳಿದ ತುಕ್ಕಿನ ಗೆರೆಗೂ ಇದೇ ಮದ್ದು. ಕೈಗವಸು, ಕನ್ನಡಕ ಇರಲಿ. ಇದು ವಿಷ, ಮಕ್ಕಳ ಕೈಗೆ ಸಿಗಬಾರದು. ಧಾರಾಳ ನೀರಿನಲ್ಲಿ ತೊಳೆದ ಮೇಲೆ ಆ ಜಾಗಕ್ಕೆ ಮತ್ತೆ ಮೇಣ ಹಚ್ಚಬೇಕು.

ಆಯುಧಪೂಜೆಯ ಮರುದಿನದ ಕಲೆಗಳ ಬಗ್ಗೆಯೂ ಒಂದು ಮಾತು. ಅರಿಶಿನದ ಕಲೆಗೆ ಗಾಬರಿ ಬೇಡ, ಬಿಸಿಲೇ ಅದನ್ನು ಮಾಸಿಸುತ್ತದೆ. ಕೃತಕ ಬಣ್ಣದ ಕುಂಕುಮ ಮಾತ್ರ ಪುಡಿ ಬಿಡುವ ಮೈಯೊಳಗೆ ಇಳಿದು ತಿಂಗಳುಗಟ್ಟಲೆ ಉಳಿಯುತ್ತದೆ. ಪೂಜೆಗೆ ಮೊದಲು ಮೂತಿಗೆ ಒಂದು ಪದರ ಮೇಣ ಹಚ್ಚಿಟ್ಟರೆ ದೇವರಿಗೂ ಬೇಸರವಿಲ್ಲ, ದೋಣಿಗೂ ತೊಂದರೆಯಿಲ್ಲ.

ಉಜ್ಜಲೇಬೇಕಾದರೆ

ಪುಡಿ ಧಾರಾಳವಾಗಿ ಬರುತ್ತಿದ್ದರೆ ಕಾಂಪೌಂಡ್ ತಪ್ಪದು. ಇಲ್ಲಿ ಒಂದೇ ನಿಯಮ: ಕೆಲಸ ಮಾಡಬಲ್ಲವುಗಳಲ್ಲಿ ಅತಿ ನಯವಾದದ್ದರಿಂದ ಆರಂಭಿಸಿ. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದಡಿ ಜಾಗವನ್ನು ನಯವಾದ ಪಾಲಿಶ್‌ನಿಂದ ಉಜ್ಜಿ ನೋಡಿ. ಹೊಳಪು ಬಂದರೆ ಅಲ್ಲಿಗೆ ನಿಲ್ಲಿ. ಬರದಿದ್ದರೆ ದಪ್ಪ ಕಾಂಪೌಂಡ್. ಅದೂ ಸೋತರೆ ಮಾತ್ರ ವಾಟರ್ ಪೇಪರ್: 1000 ನಂಬರಿನಿಂದ ಹೊರಟು 1500, 2000ಕ್ಕೆ ಹೋಗಿ, ಆಮೇಲೆ ಕಾಂಪೌಂಡ್, ಕೊನೆಗೆ ಪಾಲಿಶ್. ಒಂದು ನಂಬರ್ ಹಾರಿಸಿದರೆ ಹಿಂದಿನದರ ಗೀರು ಹೊಳಪಿನೊಳಗಿಂದ ಇಣುಕುತ್ತದೆ. 400 ನಂಬರಿನ ಕಾಗದ ಕೈಗೆತ್ತಿಕೊಳ್ಳುವ ಕೆಲಸಗಾರರನ್ನು ಕಂಡರೆ ಅಲ್ಲೇ ತಡೆಯಿರಿ. ಒಂದೇ ದಿನದಲ್ಲಿ ಹಲವು ವರ್ಷದ ಜೆಲ್‌ಕೋಟ್ ನೆಲಕ್ಕಿಳಿಯುತ್ತದೆ.

ಸಣ್ಣ ದೋಣಿಗೆ ಕೈಯೇ ಸಾಕು. ದೊಡ್ಡದಕ್ಕೆ ವೇಗ ಹೊಂದಿಸಬಲ್ಲ ಪಾಲಿಶಿಂಗ್ ಯಂತ್ರ ಬೇಕು. ಕಬ್ಬಿಣ ಕತ್ತರಿಸುವ ಆಂಗಲ್ ಗ್ರೈಂಡರಿಗೆ ಉಣ್ಣೆಯ ಪ್ಯಾಡ್ ಸಿಕ್ಕಿಸಿ ಉಜ್ಜುವುದನ್ನು ಬಂದರುಗಳಲ್ಲಿ ನೋಡಿದ್ದೇನೆ. ಅದರ ವೇಗ ಈ ಕೆಲಸಕ್ಕಲ್ಲ, ಅರೆಗಳಿಗೆಯಲ್ಲಿ ಜೆಲ್‌ಕೋಟ್ ಸುಟ್ಟು ಹಳದಿಯಾಗುತ್ತದೆ. ನಿಮಿಷಕ್ಕೆ 1,200ರಿಂದ 1,800 ಸುತ್ತು ಹಿತ. ನೆರಳಿನಲ್ಲಿ, ತಣ್ಣಗಿರುವ ಮೈಮೇಲೆ, ಎರಡಡಿ ಚೌಕದಷ್ಟು ಜಾಗ ಹಿಡಿದು ಕೆಲಸ ಮಾಡಿ. ಯಂತ್ರ ಒಂದೇ ಕಡೆ ನಿಲ್ಲಬಾರದು. ಅಂಚು, ಮೂಲೆ, ಮೂತಿಯ ಏಣುಗಳಲ್ಲಿ ಜೆಲ್‌ಕೋಟ್ ತೆಳುವಾಗಿರುವುದುಂಟು. ಅಲ್ಲಿ ಕೈಯಿಂದಲೇ ಉಜ್ಜಿ. ಪ್ಯಾಡಿಗೆ ದೋಣಿಯ ಬಣ್ಣ ಹತ್ತುವುದು ಸಹಜ, ಜೆಲ್‌ಕೋಟ್‌ನ ದಪ್ಪದುದ್ದಕ್ಕೂ ಬಣ್ಣವಿರುತ್ತದೆ. ಆದರೆ ಮೈಯಲ್ಲಿ ಒಂದೆಡೆ ಬಣ್ಣ ತೆಳುವಾಗಿ ಕಪ್ಪು ಛಾಯೆ ಮೂಡಲು ಶುರುವಾದರೆ ಮರುಮಾತಿಲ್ಲದೆ ನಿಲ್ಲಿಸಿ.

ಮೂತಿಯ ಮೇಲೆ ಬರೆಸಿದ ದೇವರ ಹೆಸರು, ‘ಐಎನ್‌ಡಿ-ಕೆಎ’ ಎಂದು ಆರಂಭವಾಗುವ ನೋಂದಣಿ ಸಂಖ್ಯೆ, ಇವುಗಳಿಗೆ ಮೊದಲೇ ಅಂಟುಪಟ್ಟಿ ಹಚ್ಚಿ ಮುಚ್ಚಿಕೊಳ್ಳಿ. ಬರಹದ ಬಣ್ಣ ಕಾಂಪೌಂಡ್ ತಡೆಯುವುದಿಲ್ಲ. ಸಂಖ್ಯೆ ಅಳಿಸಿದ ದೋಣಿಗೆ ಕಡಲಲ್ಲಿ ಕರಾವಳಿ ಕಾವಲು ಪೊಲೀಸರ ತಪಾಸಣೆಯಾದಾಗ ಹೊಳಪು ನೆರವಿಗೆ ಬರದು.

ಮೇಣದ ಪಾತ್ರ ಎಷ್ಟು

ಉಜ್ಜಿ ಬಿಟ್ಟ ಮೈ ಬೆತ್ತಲೆ ಮೈ. ಅಂದೇ, ತಪ್ಪಿದರೆ ಮರುದಿನ, ಮೇಣ ಹಚ್ಚಬೇಕು. ಇಲ್ಲವಾದರೆ ಬಿಸಿಲು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಕಾರ್ನೌಬಾ ಮೇಣ ಈಶಾನ್ಯ ಬ್ರೆಜಿಲಿನ ಒಂದು ಜಾತಿಯ ತಾಳೆಮರದ ಎಲೆಯಿಂದ ಬರುವಂಥದ್ದು, ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಸ್ಯಮೇಣಗಳಲ್ಲಿ ಇಷ್ಟು ಗಟ್ಟಿ ಮೇಣ ಅಪರೂಪ. ಹಾಗಿದ್ದರೂ ನಮ್ಮ ಬಿಸಿಲು, ಉಪ್ಪು, ತಿಕ್ಕಾಟಕ್ಕೆ ಕೆಲವೇ ತಿಂಗಳು ಬಾಳುತ್ತದೆ. ಕೃತಕ ಪಾಲಿಮರ್ ಸೀಲಂಟ್‌ಗಳು ಹೊಳಪಿನಲ್ಲಿ ತುಸು ಹಿಂದೆ, ಬಾಳಿಕೆಯಲ್ಲಿ ಮುಂದೆ. ದುಡಿಯುವ ದೋಣಿಗೆ ನನ್ನ ಮತ ಎರಡನೆಯದಕ್ಕೆ. ಯಾವುದಾದರೂ ಸರಿ, ವರ್ಷಕ್ಕೆ ಎರಡು ಸಲ ಹಚ್ಚಿ: ಮಳೆಗಾಲ ಕಳೆದು ಕಡಲಿಗಿಳಿಯುವ ಮೊದಲೊಮ್ಮೆ, ಬೇಸಿಗೆ ಏರುವ ಮುಂಚೆ ಫೆಬ್ರವರಿಯಲ್ಲೊಮ್ಮೆ. ತೆಳುವಾಗಿ ಹಚ್ಚಿ, ಮಂಜುಗಟ್ಟಿದ ಮೇಲೆ ಒರೆಸಿ. ದಪ್ಪಗೆ ಬಳಿದರೆ ಹೆಚ್ಚು ದಿನ ಬಾಳುತ್ತದೆಂಬುದು ಭ್ರಮೆ.

ಎರಡು ಕಡೆ ಮೇಣ ಸಲ್ಲದು. ಒಂದು, ಕಾಲಿಡುವ ಜಾಗ. ಒದ್ದೆಯಾದ ಮೇಣದ ಮೇಲೆ ಬಲೆ ಎಳೆಯುವವರ ಕಾಲು ಜಾರಿದರೆ ನೇರ ಕಡಲಿಗೆ. ಇನ್ನೊಂದು, ಮುಂದೆ ಪ್ಯಾಚ್ ಹಾಕುವ ಇಲ್ಲವೇ ಬಣ್ಣ ಬಳಿಯುವ ಜಾಗ. ಮೇಣದ ಮೇಲೆ ಬಣ್ಣ ನಿಲ್ಲದು. ಅದರಲ್ಲೂ ಸಿಲಿಕೋನ್ ಬೆರೆತ ಸ್ಪ್ರೇಗಳು ಒಳಗಿಳಿದು ಕೂತರೆ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಾಕಾರದ ಗುಳಿಗಳಾಗುತ್ತವೆ.

ನೀರಿನ ಗೆರೆಯ ಕೆಳಗೆ

ದೋಣಿಯ ಮೈಯಲ್ಲಿ ಎರಡು ಲೋಕ. ನೀರಿನ ಗೆರೆಯ ಮೇಲಿನದಕ್ಕೆ ಬಿಸಿಲು ಶತ್ರು, ಕೆಳಗಿನದಕ್ಕೆ ಜೀವಿಗಳು. ನೀರಿಗಿಳಿದ ಕೆಲವೇ ಗಂಟೆಗಳಲ್ಲಿ ಸೂಕ್ಷ್ಮಜೀವಿಗಳ ತೆಳು ಪೊರೆ ಕಟ್ಟುತ್ತದೆ, ದಿನಗಳಲ್ಲಿ ಲೋಳೆ ಮತ್ತು ಪಾಚಿ, ವಾರಗಳಲ್ಲಿ ಗಟ್ಟಿ ಚಿಪ್ಪಿನ ಬಾರ್ನಕಲ್‌ಗಳು. ತಳ ಒರಟಾದಷ್ಟೂ ದೋಣಿ ಭಾರವಾಗಿ ಓಡುತ್ತದೆ, ಸೀಮೆಎಣ್ಣೆಯೋ ಪೆಟ್ರೋಲೋ ಹೆಚ್ಚು ಕುಡಿಯುತ್ತದೆ. ಹೊಳಪಿನ ಮಾತು ಹಾಗಿರಲಿ, ಇದು ಕಿಸೆಯ ಮಾತು.

ಇಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ದೋಣಿ ರಾತ್ರಿ ಎಲ್ಲಿರುತ್ತದೆ? ದಿನವೂ ದಡಕ್ಕೆ ಎಳೆದಿಡುವ ನಾಡದೋಣಿಗೆ ಜೀವಿನಿರೋಧಕ ಬಣ್ಣ ಬೇಕಿಲ್ಲ. ಅದು ಪ್ರತಿದಿನ ಒಣಗುತ್ತದೆ, ಬಾರ್ನಕಲ್ ಬೆಳೆಯಲು ಪುರುಸೊತ್ತಿಲ್ಲ. ಅದರ ಶತ್ರು ಹೊಯಿಗೆ. ಎಳೆಯುವಾಗ ತಳದ ನಡುಪಟ್ಟಿ ಉಜ್ಜಿ ಉಜ್ಜಿ ಜೆಲ್‌ಕೋಟ್ ಸವೆದು ನಾರು ಹೊರಬರುತ್ತದೆ, ಆ ನಾರಿನ ಗುಂಟ ನೀರು ಒಳಗಿಳಿಯುತ್ತದೆ. ನಡುಪಟ್ಟಿಗೆ ಎರಡು ಮೂರು ಪದರ ಮ್ಯಾಟ್ ಹೆಚ್ಚುವರಿಯಾಗಿ ಹಾಕಿಸಿ, ಸವೆದಂತೆ ಅದನ್ನಷ್ಟೇ ಹೊಸದು ಮಾಡಿಸುತ್ತಿದ್ದರೆ ಮೂಲ ಮೈ ಉಳಿಯುತ್ತದೆ. ಅಡಿಗೆ ಉರುಳುಗಂಬಗಳನ್ನು ಕೊಟ್ಟು ಎಳೆಯುವ ಹಳೆಯ ಪದ್ಧತಿಯನ್ನು ಜನ ಸಾಲದೆಂದೋ ಅವಸರವೆಂದೋ ಬಿಟ್ಟವರು ವರ್ಷಕ್ಕೊಮ್ಮೆ ರೆಸಿನ್ ಅಂಗಡಿಗೆ ಕಪ್ಪ ಕಟ್ಟುತ್ತಾರೆ.

ಧಕ್ಕೆಯಲ್ಲೇ ನೀರಿನಲ್ಲಿ ನಿಲ್ಲುವ ದೋಣಿಗೆ ಮಾತ್ರ ಜೀವಿನಿರೋಧಕ ಬಣ್ಣ ಬೇಕೇ ಬೇಕು. ಇಂದಿನ ಬಹುಪಾಲು ಬಣ್ಣಗಳಲ್ಲಿ ಕೆಲಸ ಮಾಡುವುದು ತಾಮ್ರದ ಆಕ್ಸೈಡ್. ತಾಮ್ರದ ಈ ಗುಣ ಹಳೆಯದು. 1761ರಲ್ಲಿ ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿತು. ಹುಳು, ಚಿಪ್ಪುಗಳು ದೂರವಾದವು. ಆದರೆ ತಾಮ್ರ ತಾಗಿದಲ್ಲೆಲ್ಲ ಕಬ್ಬಿಣದ ಮೊಳೆಗಳು ಉಪ್ಪುನೀರಿನಲ್ಲಿ ಕರಗಿಹೋಗಿದ್ದವು. ಎರಡು ಲೋಹ ಉಪ್ಪುನೀರಿನಲ್ಲಿ ಸೇರಿದರೆ ಒಂದು ಇನ್ನೊಂದನ್ನು ತಿನ್ನುವ ಆ ತೊಂದರೆ ಇವತ್ತಿಗೂ ಹಾಗೇ ಇದೆ. ಔಟ್‌ಬೋರ್ಡ್ ಎಂಜಿನ್ನಿನ ನೀರಿಗಿಳಿಯುವ ಭಾಗ ಅಲ್ಯೂಮಿನಿಯಂ. ಅದಕ್ಕೆ ತಾಮ್ರದ ಬಣ್ಣ ತಾಗಬಾರದು. ಎಂಜಿನ್ನಿಗೆ ಬದಲಾಗಿ ತಾನು ಕರಗಲೆಂದು ಕೂರಿಸಿದ ಸತುವಿನ ತುಂಡಿಗಂತೂ ಯಾವ ಬಣ್ಣವನ್ನೂ ಬಳಿಯಬಾರದು.

ಬಣ್ಣಗಳಲ್ಲಿ ಎರಡು ಬಗೆ. ಗಟ್ಟಿಯಾಗಿ ಉಳಿದು ತಾಮ್ರವನ್ನಷ್ಟೇ ಬಿಡುವಂಥದ್ದು ಒಂದು. ಸೋಪಿನಂತೆ ತೆಳುವಾಗಿ ಕರಗುತ್ತ ಹೊಸ ಮೈ ತೋರುವಂಥದ್ದು ಇನ್ನೊಂದು. ವೇಗವಾಗಿ ಓಡುವ, ಆಗಾಗ ಉಜ್ಜಿ ತೊಳೆಯುವ ದೋಣಿಗೆ ಮೊದಲನೆಯದು. ನಿಯಮಿತವಾಗಿ ಓಡಾಡುತ್ತ ನೀರಲ್ಲೇ ಇರುವ ದೋಣಿಗೆ ಎರಡನೆಯದು. ಹಳೆಯ ಪದರಗಳು ಗುಡ್ಡೆ ಬೀಳುವುದಿಲ್ಲ ಎಂಬ ಲಾಭವೂ ಅದಕ್ಕಿದೆ. ಬಳಿದ ಮೇಲೆ ಎಷ್ಟು ಗಂಟೆಯ ನಂತರ, ಎಷ್ಟು ದಿನದೊಳಗೆ ನೀರಿಗಿಳಿಸಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅದನ್ನು ಓದದೆ ಬಳಿದು, ಮುಹೂರ್ತ ನೋಡಿ ತಿಂಗಳು ಕಳೆದು ಇಳಿಸಿದರೆ ಬಣ್ಣದ ಶಕ್ತಿ ಕುಂದಿರಬಹುದು.

ಹೆಸರಿಲ್ಲದ, ಲೇಬಲ್ ಇಲ್ಲದ ಅಗ್ಗದ ಬಣ್ಣ ಬೇಡ. ಒಂದು ಕಾಲದಲ್ಲಿ ಟಿಬಿಟಿ ಎಂಬ ತವರದ ಸಂಯುಕ್ತ ಬೆರೆತ ಬಣ್ಣಗಳು ಲೋಕದಾದ್ಯಂತ ಓಡುತ್ತಿದ್ದವು. ಫ್ರಾನ್ಸಿನ ಆರ್ಕಾಶಾನ್ ಕೊಲ್ಲಿಯಲ್ಲಿ ಸಿಂಪಿಗಳ ಚಿಪ್ಪು ವಿಕಾರವಾಗಿ, ಮರಿಗಳೇ ಇಲ್ಲದಂತಾಗಿ, 1982ರಲ್ಲಿ ಆ ದೇಶ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. 2001ರ ಅಂತರರಾಷ್ಟ್ರೀಯ ಒಪ್ಪಂದ 2008ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಮೇಲೆ ಹಡಗುಗಳಿಗೂ ಅದು ನಿಷಿದ್ಧವಾಯಿತು. ತಾಮ್ರವೂ ಸಾಧುವೇನಲ್ಲ. ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಿದರೆ ವಿಷದ ಧೂಳು ಮೂಗಿಗೆ ಹೋಗುತ್ತದೆ, ಆದ್ದರಿಂದ ಒದ್ದೆ ಮಾಡಿಯೇ ಉಜ್ಜಬೇಕು, ಮಾಸ್ಕ್ ಇರಲೇಬೇಕು. ಕೆರೆದ ಚೂರುಗಳನ್ನು ಅಡಿಗೆ ಹಾಸಿದ ಟಾರ್ಪಾಲಿನಲ್ಲಿ ಹಿಡಿದು ಚೀಲಕ್ಕೆ ತುಂಬಿ. 2024ರಲ್ಲಿ ರಾಮ್ಸಾರ್ ತಾಣ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ, ಎನಿಸಿದ ಅಘನಾಶಿನಿಯಂಥ ಅಳಿವೆಗಳಲ್ಲಿ ಚಿಪ್ಪು ಆಯ್ದು ಬದುಕುವವರೂ ಇದ್ದಾರೆ. ಬಣ್ಣದ ಚೂರು ಬೀಳುವುದು ಅವರ ನೀರಿಗೆ.

ಬಾರ್ನಕಲ್ ಬಿಡಿಸುವುದಕ್ಕೆ ಸರಿಯಾದ ಹೊತ್ತೆಂದರೆ ದೋಣಿ ಮೇಲೆ ಬಂದ ಆ ಗಳಿಗೆ. ಒದ್ದೆ ಇದ್ದಾಗ ನೀರಿನ ಜೋರಿಗೆ ಅರ್ಧಕ್ಕರ್ಧ ಉದುರುತ್ತವೆ. ಎರಡು ದಿನ ಒಣಗಲು ಬಿಟ್ಟರೆ ಸಿಮೆಂಟು. ಕತ್ತಿ, ಉಳಿ ಬೇಡ. ಮರದ ಇಲ್ಲವೇ ಪ್ಲಾಸ್ಟಿಕ್ ಹಲಗೆಯಿಂದ ಕೆರೆಯಿರಿ. ಹೊಳೆಯ ಮೇಲ್ಭಾಗದ ಸಿಹಿನೀರಿನಲ್ಲಿ ಕೆಲವು ದಿನ ದೋಣಿ ಕಟ್ಟಿದರೆ ಕಡಲಿನ ಜೀವಿಗಳು ತಾವಾಗಿ ಸಾಯುತ್ತವೆ. ಖರ್ಚಿಲ್ಲದ ಈ ಉಪಾಯ ಹತ್ತಿರದಲ್ಲಿ ಹೊಳೆಯಿದ್ದವರಿಗಷ್ಟೇ ಸಾಧ್ಯ.

ಬಿರುಕು ಮತ್ತು ಗುಳ್ಳೆ

ಧಕ್ಕೆಗೆ ತಾಗಿದ ಜಾಗದಲ್ಲಿ, ಬೋಲ್ಟಿನ ಸುತ್ತ, ಜೇಡರಬಲೆಯಂತೆ ಕೂದಲೆಳೆಯ ಬಿರುಕುಗಳು ಕಾಣುತ್ತವೆ. ಅವುಗಳ ಮೇಲೆ ಬರೀ ಬಣ್ಣ ಬಳಿದರೆ ಮೂರು ತಿಂಗಳಲ್ಲಿ ಮತ್ತೆ ತೋರುತ್ತವೆ. ಬಿರುಕನ್ನು ಸ್ವಲ್ಪ ಅಗಲಿಸಿ, ಒಣಗಿಸಿ, ಅಸಿಟೋನ್‌ನಿಂದ ಒರೆಸಿ, ಜೆಲ್‌ಕೋಟ್ ಪುಟ್ಟಿ ತುಂಬಬೇಕು. ಜೆಲ್‌ಕೋಟ್‌ಗೆ ಗಾಳಿ ತಾಗುತ್ತಿದ್ದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಅದಕ್ಕೇ ಮೇಲೊಂದು ಪ್ಲಾಸ್ಟಿಕ್ ಹಾಳೆ ಒತ್ತಿ ಮುಚ್ಚಬೇಕು. ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ನೂರು ಗ್ರಾಂ ಜೆಲ್‌ಕೋಟ್‌ಗೆ ಸಾಮಾನ್ಯವಾಗಿ ಒಂದರಿಂದ ಎರಡು ಗ್ರಾಂ. ಅಂದಾಜಿನಲ್ಲಿ ಸುರಿಯಬೇಡಿ, ತೂಗಿ ಹಾಕಿ.

ಇಲ್ಲಿ ಜೀವದ ಪ್ರಶ್ನೆಯೊಂದಿದೆ. ರೆಸಿನ್ ಜೊತೆ ಅಂಗಡಿಯವರು ಎರಡು ಸಣ್ಣ ಬಾಟಲಿ ಕೊಡುತ್ತಾರೆ: ನೇರಳೆ ಬಣ್ಣದ ಕೋಬಾಲ್ಟ್ ಮತ್ತು ನೀರಿನಂತೆ ತಿಳಿಯಾದ ಹಾರ್ಡ್‌ನರ್. ಇವೆರಡನ್ನೂ ಒಂದಕ್ಕೊಂದು ನೇರವಾಗಿ ಯಾವತ್ತೂ ಬೆರೆಸಬಾರದು, ಸ್ಫೋಟವಾಗುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕದಡಿ, ಆಮೇಲೆ ಹಾರ್ಡ್‌ನರ್. ಒಂದೇ ಚಮಚ ಎರಡು ಬಾಟಲಿಗೂ ಹೋಗಬಾರದು. ಹಾರ್ಡ್‌ನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕವಿಲ್ಲದೆ ಮುಚ್ಚಳ ತೆರೆಯಬೇಡಿ. ಹತ್ತಿರದಲ್ಲಿ ಬೀಡಿ ಕೂಡದು.

ತಳದಲ್ಲಿ ಗುಳ್ಳೆಗಳು ಕಂಡರೆ ಒಂದನ್ನು ಚುಚ್ಚಿ ನೋಡಿ. ವಿನೆಗರಿನಂಥ ಹುಳಿವಾಸನೆಯ ದ್ರವ ಬಂದರೆ ನೀರು ಜೆಲ್‌ಕೋಟ್ ದಾಟಿ ಒಳಗಿಳಿದು, ಒಳಗಿನ ಕರಗುವ ವಸ್ತುಗಳ ಜೊತೆ ಸೇರಿ, ಒತ್ತಡ ಕಟ್ಟಿದೆ ಎಂದರ್ಥ. ಕಡಲಿಗಿಂತ ಸಿಹಿನೀರು, ತಣ್ಣೀರಿಗಿಂತ ಬೆಚ್ಚಗಿನ ನೀರು ಇದನ್ನು ಬೇಗ ಮಾಡುತ್ತದೆ. ಆದ್ದರಿಂದ ಶರಾವತಿ, ಸ್ವರ್ಣಾ ಹಿನ್ನೀರಿನಲ್ಲಿ ವರ್ಷವಿಡೀ ತೇಲುವ ಪ್ರವಾಸಿ ದೋಣಿಗಳವರು ಹೆಚ್ಚು ಎಚ್ಚರದಿಂದಿರಬೇಕು. ನಾಲ್ಕಾರು ಗುಳ್ಳೆಯಾದರೆ ಒಡೆದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಒಣಗಿಸಿ, ಎಪಾಕ್ಸಿಯಿಂದ ತುಂಬಿ. ತಳ ಪೂರ್ತಿ ಗುಳ್ಳೆಯಾಗಿದ್ದರೆ ಅದು ನುರಿತವರ ಕೆಲಸ. ನೆನಪಿರಲಿ: ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದಿಲ್ಲ.

ಮಳೆಗಾಲದ ಎರಡು ತಿಂಗಳು

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳಿಗೂ 10 ಅಶ್ವಶಕ್ತಿ ಮೀರಿದ ಎಂಜಿನ್ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ದೋಣಿ ಮೇಲಿರುತ್ತದೆ, ಕೈ ಖಾಲಿ ಇರುತ್ತದೆ, ರಿಪೇರಿಗೆ ಇದೇ ಸಮಯ ಎಂದು ಎಲ್ಲರೂ ಹೊರಡುತ್ತಾರೆ. ರೆಸಿನ್, ಬಣ್ಣ ಎರಡಕ್ಕೂ ವರ್ಷದಲ್ಲೇ ಅತಿ ಕೆಟ್ಟ ಕಾಲ ಅದು. ತೇವ ಕೂತ ಮೈಮೇಲೆ ಹಾಕಿದ ಪ್ಯಾಚ್ ಹಿಡಿಯುವುದಿಲ್ಲ, ಬಣ್ಣ ಗುಳ್ಳೆಯೇಳುತ್ತದೆ. ಗಟ್ಟಿ ಮಾಡು, ಗಾಳಿಯಾಟ ಇರುವ ಶೆಡ್ಡು ಇಲ್ಲದಿದ್ದರೆ ಆ ಎರಡು ತಿಂಗಳನ್ನು ತೊಳೆಯಲು, ಕೆರೆಯಲು, ಒಣಗಿಸಲು, ಬೋಲ್ಟು ಬದಲಿಸಲು ಇಟ್ಟುಕೊಳ್ಳಿ. ಜೆಲ್‌ಕೋಟ್, ಬಣ್ಣದ ಕೆಲಸವನ್ನು ಸಾಧ್ಯವಾದರೆ ಮೇ ಮೊದಲ ವಾರಗಳಲ್ಲೇ ಮುಗಿಸಿ. ಒಂದು ವಾರದ ದುಡಿಮೆ ಬಿಡುವುದು ಕಷ್ಟವೇ. ಸೆಪ್ಟೆಂಬರಿನಲ್ಲಿ ಅದೇ ಪ್ಯಾಚ್ ಕಿತ್ತುಬಂದಾಗ ಹೋಗುವ ದುಡಿಮೆ ಅದಕ್ಕಿಂತ ದೊಡ್ಡದು.

ಒಣ ತಿಂಗಳಲ್ಲೂ ಕರಾವಳಿಯ ಬೆಳಗಿನ ಇಬ್ಬನಿ ಲೆಕ್ಕಕ್ಕಿರಲಿ. ಮೈ ಪೂರ್ತಿ ಒಣಗಿದ ಮೇಲೆ, ಎಂದರೆ ಒಂಬತ್ತು ಗಂಟೆ ಕಳೆದ ಮೇಲೆ ಬಣ್ಣ ಶುರು ಮಾಡಿ, ಸಂಜೆ ನಾಲ್ಕಕ್ಕೆ ನಿಲ್ಲಿಸಿ.

ಮೇಲೆ ಇಟ್ಟ ದೋಣಿಗೆ ಮಳೆನೀರೇ ದೊಡ್ಡ ಕೇಡು. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಸುರಿಯುವ ಊರಿನಲ್ಲಿ ದೋಣಿಯ ಹೊಟ್ಟೆ ತುಂಬಲು ಎರಡು ರಾತ್ರಿ ಸಾಕು. ಜೆಲ್‌ಕೋಟ್ ಇಲ್ಲದ ಒಳಮೈಯಿಂದ ನೀರು ಸುಲಭವಾಗಿ ಪದರಗಳಿಗೆ ಇಳಿಯುತ್ತದೆ, ಭಾರಕ್ಕೆ ತಳವೂ ಬಾಗುತ್ತದೆ. ಬೂಚು ತೆಗೆದಿಡಿ, ಮೂತಿ ತುಸು ಎತ್ತರಿಸಿ, ಸಣ್ಣದಾದರೆ ಮಗುಚಿಹಾಕಿ. ಒಂದೇ ಕಲ್ಲಿನ ಮೇಲೆ ಭಾರ ಕೂರಿಸದೆ ಮೂರ್ನಾಲ್ಕು ಕಡೆ ಹಳೆಯ ಟಯರು, ಮರದ ದಿಮ್ಮಿ ಕೊಡಿ. ಟಾರ್ಪಾಲನ್ನು ಮೈಗೆ ತಾಗಿಸಿ ಬಿಗಿದರೆ ಒಳಗೆ ತೇವ ಕಟ್ಟುತ್ತದೆ, ಗಾಳಿಗೆ ಹೊಡೆದುಕೊಂಡು ಹೊಳಪನ್ನೂ ತಿನ್ನುತ್ತದೆ. ಬಿದಿರಿನ ಗೂಡು ಕಟ್ಟಿ ಅದರ ಮೇಲೆ ಹೊದಿಸಿ, ಎರಡು ಕಡೆ ಗಾಳಿಗೆ ತೆರವಿಡಿ. ತೆಂಗಿನ ಮಡಲಿನ ಚಪ್ಪರ ಇದಕ್ಕಿಂತ ಮೇಲು, ಉಸಿರಾಡುತ್ತದೆ. ಮಳೆಗಾಲ ಮುಗಿದ ಮೇಲೆ ಅದನ್ನು ಕಿತ್ತೆಸೆಯಬೇಡಿ, ಬೇಸಿಗೆಯ ಬಿಸಿಲಿಗೂ ಆಗುತ್ತದೆ.

ಜೆಲ್‌ಕೋಟ್ ಮುಗಿದೇ ಹೋಗಿದ್ದರೆ ಎಪಾಕ್ಸಿ ಪ್ರೈಮರ್ ಮೇಲೆ ಎರಡು ಭಾಗದ ಪಾಲಿಯುರೆಥೇನ್ ಬಣ್ಣ ಬಳಿಸಬಹುದು, ನೀರಿನ ಗೆರೆಯ ಮೇಲಕ್ಕೆ ಮಾತ್ರ. ರೋಲರಿನಲ್ಲಿ ಹಚ್ಚಿ ಬ್ರಷ್ಷಿನಲ್ಲಿ ನೇವರಿಸಿದರೆ ಸಾಕಷ್ಟು ಚೆನ್ನಾಗಿ ಬರುತ್ತದೆ. ಸ್ಪ್ರೇ ಮಾಡಿಸುವುದಾದರೆ ಹೊರಗಿನಿಂದ ಶುದ್ಧಗಾಳಿ ಕೊಡುವ ಮುಖವಾಡ ಇರುವವರ ಕೈಯಲ್ಲೇ ಮಾಡಿಸಿ. ಆ ಬಣ್ಣದ ಹಾರ್ಡ್‌ನರಿನ ಐಸೋಸಯನೇಟ್ ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು, ಬಟ್ಟೆಯ ಮಾಸ್ಕ್ ಅದನ್ನು ತಡೆಯದು.

ಹೊಸ ದೋಣಿ ಮಾಡಿಸುವವರಿಗೆ ಕೊನೆಯ ಮಾತು. ಜೆಲ್‌ಕೋಟ್‌ಗೆ ಐಸೋಫ್ತಾಲಿಕ್ ರೆಸಿನ್ ಕೇಳಿ, ಅದರ ಹಿಂದಿನ ಮೊದಲ ಪದರಕ್ಕೆ ವಿನೈಲ್ ಎಸ್ಟರ್ ಸಿಕ್ಕರೆ ಇನ್ನೂ ಒಳ್ಳೆಯದು, ನೀರು ಒಳಗಿಳಿಯುವುದು ತಡವಾಗುತ್ತದೆ. ಬಣ್ಣ ಬಿಳಿ ಇರಲಿ. ಗೆರೆ, ಹೂವು, ಹೆಸರನ್ನು ಬೇಕಾದ ಬಣ್ಣದಲ್ಲಿ ಬರೆಸಿಕೊಳ್ಳಿ. ಬಳಸಿದ ಜೆಲ್‌ಕೋಟ್‌ನ ಕಂಪನಿ ಮತ್ತು ಬಣ್ಣದ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿ ಇಟ್ಟುಕೊಳ್ಳಿ. ಐದು ವರ್ಷದ ಮೇಲೆ ಪ್ಯಾಚ್ ಹಾಕುವಾಗ ಅಂಗಡಿಯವರು ಮೊದಲು ಕೇಳುವುದು ಅದನ್ನೇ.